ಮಿಸ್ಟ್ ಸರಣಿಯ ಕೊನೆಯ ಆಟ: ಸಿದ್ಧತೆಯಿಂದ ಅಂತಿಮ ನಿರ್ಧಾರದವರೆಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರಿಂದ ಮಳೆಗಾಲ ಬಂತೆಂದರೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ‘ಮಿಸ್ಟ್ 5: ಎಂಡ್ ಆಫ್ ಏಜಸ್’ ಎಂಬ ಒಗಟಿನ ಆಟವನ್ನು ಈಗ ಎಲ್ಲಿಂದ ಪಡೆಯಬೇಕು, ಮೊದಲಿನ ನಾಲ್ಕು ಭಾಗಗಳನ್ನು ಆಡದವರಿಗೆ ಅದು ಅರ್ಥವಾಗುತ್ತದೆಯೇ, ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆಯೇ, ಸ್ಲೇಟಿನ ಮೇಲೆ ಬರೆದ ಗುರುತು ಆಟದಲ್ಲಿ ಬರುವ ಜೀವಿಗಳಿಗೆ ಏಕೆ ತಿಳಿಯುವುದಿಲ್ಲ, ಕೊನೆಯಲ್ಲಿ ಫಲಕವನ್ನು ಯಾರಿಗೆ ಕೊಡಬೇಕು? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ ಎಲ್ಲವನ್ನೂ ಕ್ರಮವಾಗಿ ಒಂದೆಡೆ ಬರೆಯುವುದು ಒಳ್ಳೆಯದೆಂದು ಈ ಮಾರ್ಗದರ್ಶಿಯನ್ನು ಸಿದ್ಧಪಡಿಸಿದ್ದೇನೆ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಯಾವ ಗುಂಡಿಯನ್ನು ಯಾವಾಗ ಒತ್ತಬೇಕೆಂಬ ಉತ್ತರಗಳ ಪಟ್ಟಿ ಇಲ್ಲಿಲ್ಲ. ಈ ಆಟದಲ್ಲಿ ಶತ್ರುಗಳನ್ನು ಹೊಡೆಯುವುದಿಲ್ಲ, ಅಂಕ ಗಳಿಸುವುದಿಲ್ಲ, ಆಡುವವರು ಸಾಯುವುದೂ ಇಲ್ಲ. ನೋಡುವುದು, ನೆನಪಿಡುವುದು, ಸಂಬಂಧ ಕಲ್ಪಿಸುವುದು ಇಷ್ಟೇ ಆಟವಾಗಿರುವುದರಿಂದ ಉತ್ತರವನ್ನು ಮೊದಲೇ ಓದಿಕೊಂಡವರಿಗೆ ಆಡಲು ಏನೂ ಉಳಿಯುವುದಿಲ್ಲ. ಬಿಡಿಸುವ ದಾರಿಯನ್ನು ತೋರಿಸುವುದಷ್ಟೇ ನನ್ನ ಉದ್ದೇಶ. ಕತೆಯ ಕೊನೆಯನ್ನು ಹೇಳುವ ಭಾಗ ಒಂದೇ ಇದೆ; ಅದು ಹತ್ತನೆಯ ಹಂತದಲ್ಲಿದ್ದು, ಅಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದ್ದೇನೆ.

ಹಂತ 1: ಹಿಂದಿನ ಕತೆಯನ್ನು ಎಷ್ಟು ತಿಳಿದಿರಬೇಕು

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಯಾನ್ ಎಂಬ ಸಣ್ಣ ಸಂಸ್ಥೆಯಲ್ಲಿ ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಸಹೋದರರು ರೂಪಿಸಿದ ‘ಮಿಸ್ಟ್’ 1993ರಲ್ಲಿ ಬಂದಿತು. 1997ರಲ್ಲಿ ‘ರಿವನ್’, 2001ರಲ್ಲಿ ‘ಎಕ್ಸೈಲ್’, 2004ರಲ್ಲಿ ‘ರೆವೆಲೇಶನ್’ ಬಂದವು. ಇವುಗಳ ನಡುವೆ, 2003ರಲ್ಲಿ, ‘ಉರು’ ಎಂಬ ಪಕ್ಕದ ಕವಲೊಂದು ಹುಟ್ಟಿತು. ಮೂರನೆಯ ಮತ್ತು ನಾಲ್ಕನೆಯ ಭಾಗಗಳನ್ನು ಬೇರೆ ತಂಡಗಳು ತಯಾರಿಸಿದವು. ಐದನೆಯ ಭಾಗವನ್ನು ಸಯಾನ್ ಮತ್ತೆ ತಾನೇ ಕೈಗೆತ್ತಿಕೊಂಡು, ಸರಣಿಯ ಮುಕ್ತಾಯವೆಂದು ಹೇಳಿಯೇ 2005ರ ಸೆಪ್ಟೆಂಬರಿನಲ್ಲಿ ಹೊರತಂದಿತು.

ಈ ಸರಣಿಯ ಮೂಲ ಕಲ್ಪನೆಯನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ನ್ಯೂ ಮೆಕ್ಸಿಕೊದ ಮರುಭೂಮಿಯ ಅಡಿಯಲ್ಲಿ, ನೆಲದೊಳಗಿನ ಬೃಹತ್ ಗುಹೆಯೊಂದರಲ್ಲಿ ‘ಡನಿ’ ಎಂಬ ಜನಾಂಗ ಬಾಳಿತ್ತು. ವಿಶೇಷ ಲಿಪಿಯಲ್ಲಿ ಪುಸ್ತಕ ಬರೆದು, ಅದರ ಪುಟದ ಮೇಲಿನ ಚಿತ್ರಕ್ಕೆ ಕೈಯಿಟ್ಟು, ಬೇರೊಂದು ಜಗತ್ತಿಗೆ ಹೋಗುವ ವಿದ್ಯೆ ಅವರಿಗೆ ತಿಳಿದಿತ್ತು. ಅಂಥ ಜಗತ್ತನ್ನು ಆಟದಲ್ಲಿ ‘ಏಜ್’ ಎನ್ನುತ್ತಾರೆ. ಈ ಲೇಖನದಲ್ಲಿ ‘ಲೋಕ’ ಎಂದು ಬರೆಯುತ್ತೇನೆ. ಕರೆದೊಯ್ಯುವ ಪುಸ್ತಕಕ್ಕೆ ‘ಲಿಂಕಿಂಗ್ ಬುಕ್’ ಎಂದು ಹೆಸರು. ಡನಿ ನಾಗರಿಕತೆ ನಾಶವಾದ ಬಳಿಕ ಆ ವಿದ್ಯೆಯನ್ನು ಬಲ್ಲವನಾಗಿ ಉಳಿದವನು ಏಟ್ರಸ್. ಅವನ ಇಬ್ಬರು ಗಂಡುಮಕ್ಕಳ ದುರಾಸೆ ಮೊದಲ ಭಾಗದ ವಸ್ತು. ಅವನ ಮಗಳು ಯೀಶಾ ಕೊನೆಯ ಭಾಗದ ಕೇಂದ್ರ.

ಐದನೆಯ ಭಾಗಕ್ಕೆ ಕಡ್ಡಾಯವಾಗಿ ತಿಳಿದಿರಬೇಕಾದದ್ದು ‘ಉರು’ವಿನಲ್ಲಿ ಬಯಲಾಗುವ ಒಂದು ಸಂಗತಿ. ‘ಬಾರೊ’ ಎಂಬ ಜೀವಿಗಳನ್ನು ಡನಿ ಜನ ತಲೆತಲಾಂತರದಿಂದ ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಪುಸ್ತಕದ ನೆರವಿಲ್ಲದೆಯೇ ಲೋಕದಿಂದ ಲೋಕಕ್ಕೆ ಹೋಗುವ ಶಕ್ತಿ ಈ ಬಾರೊಗಳಿಗಿದೆ. ಅವುಗಳನ್ನು ಆಳುವ ಅಧಿಕಾರ ಒಂದು ಕಲ್ಲಿನ ಫಲಕದಲ್ಲಿ ಅಡಗಿದೆ, ಕೊನೆಯ ಭಾಗದಲ್ಲಿ ನೀವು ಅರಸುವುದು ಅದನ್ನೇ.

ಹಾಗಾದರೆ ಎಲ್ಲವನ್ನೂ ಆಡಿಯೇ ಇಲ್ಲಿಗೆ ಬರಬೇಕೇ? ಸಮಯವಿದ್ದರೆ ಹಾಗೆಯೇ ಮಾಡಿ, ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸಮಯ ಕಡಿಮೆಯಿದ್ದರೆ ಮೊದಲನೆಯ ‘ಮಿಸ್ಟ್’ ಒಂದನ್ನಾದರೂ ಮುಗಿಸಿ. ಕೊನೆಯ ಭಾಗ ಆರಂಭವಾಗುವುದು ಮೊದಲ ಭಾಗದ ಕೊನೆಯಲ್ಲಿ ಏಟ್ರಸ್ ಸೆರೆಯಾಗಿದ್ದ ಕೆವೀರ್ ಎಂಬ ಕಟ್ಟಡದ ಅದೇ ಕೋಣೆಯಲ್ಲಿ. ಆ ಕೋಣೆಯನ್ನು ಮೊದಲೇ ಕಂಡವರಿಗೆ ಅಲ್ಲಿ ನಿಂತಾಗ ಆಗುವ ಅನುಭವವನ್ನು ಯಾವ ಸಾರಾಂಶವೂ ಕೊಡಲಾರದು. ಮೊದಲ ಭಾಗದ ಹೊಸ ರೂಪ 2021ರಲ್ಲಿ, ‘ರಿವನ್’ನ ಹೊಸ ರೂಪ 2024ರಲ್ಲಿ ಕಂಪ್ಯೂಟರಿಗೆ ಬಂದಿವೆ, ಹಳೆಯ ರೂಪಗಳೂ ಸಿಗುತ್ತವೆ ಮತ್ತು ಸಾಧಾರಣ ಯಂತ್ರಕ್ಕೆ ಅವೇ ಹೊಂದುತ್ತವೆ.

ಹಂತ 2: ಕೊಳ್ಳುವುದು ಮತ್ತು ಇಳಿಸಿಕೊಳ್ಳುವುದು

ಮಿಸ್ಟ್ 5 ಈಗ ಸ್ಟೀಮ್ ಮತ್ತು ಜಿಒಜಿ ಎಂಬ ಎರಡು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಜಿಲ್ಲೆಯ ಒಳನಾಡಿನವರಿಗೆ, ಅದರಲ್ಲೂ ಎಣ್ಮಕಜೆ, ದೇಲಂಪಾಡಿಯಂಥ ಗುಡ್ಡಗಾಡಿನ ಮನೆಗಳಲ್ಲಿ ಮೊಬೈಲ್ ನೆಟ್‌ವರ್ಕನ್ನೇ ನಂಬಿಕೊಂಡವರಿಗೆ, ನಾನು ಜಿಒಜಿಯನ್ನು ಸೂಚಿಸುತ್ತೇನೆ. ಅಲ್ಲಿ ಕೊಂಡ ಆಟಕ್ಕೆ ನಕಲು ತಡೆಯುವ ಬೀಗ ಇರುವುದಿಲ್ಲ. ಅನುಸ್ಥಾಪನೆಯ ಕಡತವನ್ನು, ಅಂದರೆ ಆಟವನ್ನು ಕಂಪ್ಯೂಟರಿನಲ್ಲಿ ಕೂರಿಸುವ ಮೂಲ ಕಡತವನ್ನು, ಪೇಟೆಯಲ್ಲಿ ಒಳ್ಳೆಯ ಸಂಪರ್ಕವಿರುವ ಕಡೆ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಮನೆಗೆ ತಂದು, ಅಂತರಜಾಲವಿಲ್ಲದೆಯೇ ಆಡಬಹುದು. ಸ್ಟೀಮ್‌ನಲ್ಲಿ ಕೊಂಡರೆ ಅದರ ತಂತ್ರಾಂಶವೂ ಯಂತ್ರದಲ್ಲಿರಬೇಕು.

ಆಟ ನಿಮ್ಮ ಯಂತ್ರದಲ್ಲಿ ನಡೆಯದೇ ಹೋದರೆ ಹಣ ಹಿಂದಿರುಗುವ ವ್ಯವಸ್ಥೆ ಎರಡೂ ಕಡೆ ಇದೆ. ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಕೇಳಬಹುದು. ಜಿಒಜಿಯಲ್ಲಿ ಈ ಅವಧಿ 30 ದಿನ. ಆದ್ದರಿಂದ ಕೊಂಡು ತಿಂಗಳುಗಟ್ಟಲೆ ಹಾಗೆಯೇ ಇಡಬೇಡಿ. ಇಳಿಸಿಕೊಂಡ ದಿನವೇ ಒಮ್ಮೆ ತೆರೆದು ಪರೀಕ್ಷಿಸಿ.

ಇಲ್ಲಿ ಎಡವುವವರು ಹಲವರು. ಮೊಬೈಲಿನ ಅಂಗಡಿಯಲ್ಲಿ ‘ಮಿಸ್ಟ್’ ಎಂದು ಹುಡುಕಿದರೆ ಸಿಗುವುದು ಸರಣಿಯ ಮೊದಲಿನ ಭಾಗಗಳು. ಐದನೆಯದು ಮೊಬೈಲಿಗೆ ಬಂದಿಲ್ಲ. ಐದನೆಯದೆಂದು ಹೇಳಿಕೊಳ್ಳುವ ಯಾವುದೇ ಆ್ಯಪ್ ಕಂಡರೆ ಮುಟ್ಟಬೇಡಿ. ಹಾಗೆಯೇ ‘ಪುಕ್ಕಟೆ ಪೂರ್ಣ ಆವೃತ್ತಿ’ ಎಂಬ ಕೊಂಡಿಗಳಿಂದಲೂ ದೂರವಿರಿ. ಅಪ್ಪನ ಬ್ಯಾಂಕಿನ ಖಾತೆ, ಅಕ್ಕನ ಪರೀಕ್ಷೆಯ ಅರ್ಜಿ ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ ನಡೆಯುವ ಮನೆಗಳು ನಮ್ಮವು. ಆ ಯಂತ್ರಕ್ಕೆ ಕೇಡು ತಗುಲಿದರೆ ನಷ್ಟ ಇಡೀ ಮನೆಗೆ.

ಹಂತ 3: ಯಂತ್ರವನ್ನು ಸಿದ್ಧಪಡಿಸುವುದು

2005ರ ಆಟವಾದ್ದರಿಂದ ಇಂದಿನ ಸಾಮಾನ್ಯ ಲ್ಯಾಪ್‌ಟಾಪಿಗೆ ಇದು ಭಾರವಲ್ಲ. ಡಿಸ್ಕಿನಲ್ಲಿ ಸುಮಾರು 10 ಜಿಬಿ ಜಾಗ ತೆರವಾಗಿಟ್ಟುಕೊಂಡರೆ ಕಡತ ಇಳಿಸಲು, ಕೂರಿಸಲು ಎರಡಕ್ಕೂ ಸಾಕಾಗುತ್ತದೆ. ತೊಂದರೆ ಬರುವುದು ಶಕ್ತಿಯ ಕೊರತೆಯಿಂದಲ್ಲ, ಹಳೆಯ ಆಟಕ್ಕೂ ಹೊಸ ವ್ಯವಸ್ಥೆಗೂ ಇರುವ ಅಂತರದಿಂದ.

ವಿಂಡೋಸ್‌ನಲ್ಲಿ ಆಡುವವರು ಮೊದಲು ಗ್ರಾಫಿಕ್ಸ್ ಡ್ರೈವರನ್ನು, ಅಂದರೆ ಪರದೆಯ ಚಿತ್ರ ಮೂಡಿಸುವ ಭಾಗವನ್ನು ನಿಯಂತ್ರಿಸುವ ತಂತ್ರಾಂಶವನ್ನು, ಹೊಸದಾಗಿಸಿಕೊಳ್ಳಬೇಕು. ಆಟ ತೆರೆದೊಡನೆ ಮುಚ್ಚಿಹೋದರೆ ಅದರ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನ ‘ಕಂಪ್ಯಾಟಿಬಿಲಿಟಿ’ ವಿಭಾಗದಲ್ಲಿ ಹಳೆಯ ವಿಂಡೋಸ್ ಆವೃತ್ತಿಯೊಂದನ್ನು ಆರಿಸಿ ಮತ್ತೆ ತೆರೆಯಿರಿ. ಎರಡು ಗ್ರಾಫಿಕ್ಸ್ ಭಾಗಗಳಿರುವ ಲ್ಯಾಪ್‌ಟಾಪಿನಲ್ಲಿ ಒಂದರಲ್ಲಿ ನಡೆಯದ್ದು ಇನ್ನೊಂದರಲ್ಲಿ ನಡೆಯುವುದುಂಟು. ಮೊದಲ ಸಲ ಕಡಿಮೆ ಗಾತ್ರದ ಪರದೆಯಲ್ಲಿ ಆರಂಭಿಸಿ, ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ಹೆಚ್ಚಿಸಿಕೊಳ್ಳಿ.

ವಿಂಡೋಸ್‌ನ ಬದಲು ಬಳಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್‌ನ ಬಗೆಗಿನ ಪ್ರಶ್ನೆ ನಮ್ಮಲ್ಲಿ ಬೇರೆಡೆಗಿಂತ ಹೆಚ್ಚು, ಅದಕ್ಕೆ ಕಾರಣವೂ ಇದೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆ ನಡೆಯುವುದು ರಾಜ್ಯ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಸಿದ್ಧಪಡಿಸಿದ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶದಲ್ಲಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಪಳಗಿ, ಮನೆಯ ಯಂತ್ರಕ್ಕೂ ಅದನ್ನೇ ಹಾಕಿಕೊಂಡಿರುತ್ತಾರೆ. ವಿಂಡೋಸ್‌ಗಾಗಿ ಬರೆದ ಆಟವನ್ನು ಲಿನಕ್ಸ್‌ನಲ್ಲಿ ನಡೆಸಲು ‘ವೈನ್’ ಎಂಬ ಮಧ್ಯವರ್ತಿ ತಂತ್ರಾಂಶ ಬೇಕು. ಸ್ಟೀಮ್ ತನ್ನೊಳಗೆ ‘ಪ್ರೋಟಾನ್’ ಎಂಬ ಹೆಸರಿನಲ್ಲಿ ಅದರದೇ ಬೆಳೆದ ರೂಪವನ್ನು ಇಟ್ಟುಕೊಂಡಿದೆ. ಆಟದ ‘ಪ್ರಾಪರ್ಟೀಸ್’ನಲ್ಲಿ ‘ಕಂಪ್ಯಾಟಿಬಿಲಿಟಿ’ ಆಯ್ಕೆಯನ್ನು ಸಕ್ರಿಯಗೊಳಿಸಿದರಾಯಿತು. ಜಿಒಜಿಯಲ್ಲಿ ಕೊಂಡವರು ‘ಲೂಟ್ರಿಸ್’ ಅಥವಾ ‘ಹೀರೋಯಿಕ್’ ಎಂಬ ಉಚಿತ ತಂತ್ರಾಂಶಗಳ ಮೂಲಕ ಕೂರಿಸಿಕೊಳ್ಳಬಹುದು. ಆದರೆ ಶಾಲೆಯಿಂದ ಬಳಕೆಗೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಇದಾವುದನ್ನೂ ಮಾಡಬಾರದು. ಅದು ಶಾಲೆಯ ಸೊತ್ತು, ಮುಂದಿನ ಮಗುವಿಗೂ ಬೇಕಾದದ್ದು.

ಮ್ಯಾಕ್ ಇರುವವರಿಗೆ ಸಣ್ಣ ನಿರಾಸೆ ಕಾದಿದೆ. ಹಳೆಯ ಮ್ಯಾಕ್ ಆವೃತ್ತಿ ಇತ್ತಾದರೂ, 2019ರ ಕ್ಯಾಟಲೀನಾ ಮತ್ತು ಅನಂತರದ ವ್ಯವಸ್ಥೆಗಳಲ್ಲಿ ಆ ಕಾಲದ 32-ಬಿಟ್ ತಂತ್ರಾಂಶಗಳು ತೆರೆಯುವುದೇ ಇಲ್ಲ.

ಕೊನೆಯದಾಗಿ, ಮೌಸ್ ಒಂದನ್ನು ಹೊಂದಿಸಿಕೊಳ್ಳಿ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಈ ಆಟದಲ್ಲಿ ಕೈಯಿಂದ ಗೆರೆ ಎಳೆಯಬೇಕಾಗುತ್ತದೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಬೆರಳಾಡಿಸಿ ಬರೆದ ಗುರುತುಗಳು ಅಂಕುಡೊಂಕಾಗುತ್ತವೆ. ನನಗೆ ಬರುವ ದೂರುಗಳಲ್ಲಿ ಬಹಳಷ್ಟರ ಮೂಲ ಇದೊಂದೇ.

ಹಂತ 4: ಚಲನೆಯ ವಿಧಾನವನ್ನು ಆರಿಸುವುದು

ಹಿಂದಿನ ಮುಖ್ಯ ಭಾಗಗಳಲ್ಲಿ ಒಂದು ಸ್ಥಿರ ತಾಣದಿಂದ ಇನ್ನೊಂದಕ್ಕೆ ಹಾರುತ್ತ ಸಾಗಬೇಕಿತ್ತು. ಐದನೆಯದು ಪೂರ್ತಿಯಾಗಿ ಮೂರು ಆಯಾಮದ, ಆ ಕ್ಷಣದಲ್ಲೇ ಮೂಡುವ ಜಗತ್ತು. ಹಾಗಿದ್ದರೂ ಹಳಬರ ರೂಢಿಯನ್ನು ಬಿಡಿಸದೆ ಮೂರು ವಿಧಾನಗಳನ್ನು ಕೊಟ್ಟಿದ್ದಾರೆ. ‘ಕ್ಲಾಸಿಕ್’ನಲ್ಲಿ ನೋಟ ಸ್ಥಿರ, ಕ್ಲಿಕ್ ಮಾಡಿದಲ್ಲಿಗೆ ಸಾಗುತ್ತೀರಿ. ‘ಕ್ಲಾಸಿಕ್ ಪ್ಲಸ್’ನಲ್ಲಿ ನಿಂತಲ್ಲಿಂದ ಸುತ್ತಲೂ ತಿರುಗಿ ನೋಡಬಹುದು. ‘ಅಡ್ವಾನ್ಸ್‌ಡ್’ನಲ್ಲಿ ಕೀಲಿಮಣೆಯಿಂದ ನಡೆದು, ಮೌಸಿನಿಂದ ನೋಡುತ್ತ ಎಲ್ಲೆಂದರಲ್ಲಿ ಸ್ವತಂತ್ರವಾಗಿ ತಿರುಗಾಡಬಹುದು.

ಮೊದಲ ಬಾರಿ ಆಡುವವರಿಗೆ ನನ್ನ ಸಲಹೆ ‘ಕ್ಲಾಸಿಕ್ ಪ್ಲಸ್’. ಅದರಲ್ಲಿ ನಿಮ್ಮನ್ನು ನಿಲ್ಲಿಸುವ ತಾಣಗಳು ಬಹುಮಟ್ಟಿಗೆ ನೋಡಬೇಕಾದ್ದನ್ನು ನೋಡಲು ಅನುಕೂಲವಾದ ಜಾಗಗಳೇ ಆಗಿರುತ್ತವೆ. ದಾರಿ ಮುಗಿದಂತೆ ಕಂಡರೆ ‘ಅಡ್ವಾನ್ಸ್‌ಡ್’ಗೆ ಬದಲಿಸಿ ಸುತ್ತಲಿನ ನೆಲವನ್ನೊಮ್ಮೆ ನಡೆದು ನೋಡಿ.

ಹಂತ 5: ಬರಹದ ಪುಸ್ತಕ ಮತ್ತು ಇಂಗ್ಲಿಷಿನ ಸಮಸ್ಯೆ

ಗೆರೆಯಿಲ್ಲದ ಪುಸ್ತಕ, ಪೆನ್ಸಿಲ್, ಅಳಿಸುವ ರಬ್ಬರ್ ಪಕ್ಕದಲ್ಲಿರಲಿ. ಕಂಡ ಪ್ರತಿಯೊಂದು ಗುರುತನ್ನೂ, ಅದು ಎಲ್ಲಿತ್ತು, ಸುತ್ತ ಏನಿತ್ತು ಎಂಬುದರೊಂದಿಗೆ ಬಿಡಿಸಿಕೊಳ್ಳಿ. ಮೊಬೈಲಿನಲ್ಲಿ ಫೋಟೊ ಹಿಡಿಯುವುದು ಸುಲಭ, ನಿಜ. ಆದರೆ ಕೈಯಿಂದ ಬಿಡಿಸಿದ ಗುರುತು ಸ್ಲೇಟಿನ ಮೇಲೆ ಬರೆಯುವಾಗ ಕೈಗೆ ತಾನೇ ಬರುತ್ತದೆ. ಆದ್ದರಿಂದ ಎರಡನ್ನೂ ಮಾಡಿ. ಲೋಕಕ್ಕೊಂದರಂತೆ ಪುಟಗಳನ್ನು ಬೇರೆ ಇಡಿ, ಪ್ರತಿ ಲೋಕದ ಒರಟು ನಕ್ಷೆಯೊಂದನ್ನೂ ಹಾಕಿಕೊಳ್ಳಿ.

ಯೀಶಾಳ ಬರಹಗಳು, ದಾರಿಯಲ್ಲಿ ಆಗಾಗ ಎದುರಾಗುವ ಡನಿ ಜನಾಂಗದವನಾದ ಎಷರ್‌ನ ಮಾತುಗಳು ಎಲ್ಲವೂ ಇಂಗ್ಲಿಷಿನಲ್ಲಿವೆ ಮತ್ತು ಅದು ಆಡುಮಾತಿನ ಇಂಗ್ಲಿಷಲ್ಲ. ಯೀಶಾಳದಂತೂ ಕವಿತೆಯ ಹತ್ತಿರದ, ಸುತ್ತಿಬಳಸಿದ ಶೈಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಕಂಡು ಹಿಂಜರಿಯುವುದನ್ನು ನೋಡಿದ್ದೇನೆ. ಹಿಂಜರಿಯಬೇಕಾಗಿಲ್ಲ. ಒಗಟುಗಳನ್ನು ಬಿಡಿಸಲು ಬೇಕಾದದ್ದು ಬಹುಪಾಲು ಕಣ್ಣಿಗೆ ಕಾಣುವಂತಿದೆ. ಭಾಷೆ ಬೇಕಾಗುವುದು ಕತೆಗೆ ಮತ್ತು ಕೊನೆಯ ನಿರ್ಧಾರಕ್ಕೆ. ಬರಹಗಳನ್ನು ಫೋಟೊ ತೆಗೆದು, ನಿಘಂಟು ಹಿಡಿದು ನಿಧಾನವಾಗಿ ಓದಿ. ಎಷರ್ ಎದುರಾದಾಗ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಮತ್ತೊಮ್ಮೆ ಕೇಳಿ. ಅಕ್ಕನೋ ಅಣ್ಣನೋ ಜೊತೆಗೆ ಕುಳಿತು, ಒಬ್ಬರು ಆಡುತ್ತ ಒಬ್ಬರು ಬರೆದುಕೊಳ್ಳುತ್ತ ಸಾಗಿದರೆ ಇನ್ನೂ ಒಳ್ಳೆಯದು. ಗುಲಾಮಗಿರಿ, ಹಿಂಸೆಯ ಪ್ರಸ್ತಾಪ ಕತೆಯಲ್ಲಿರುವುದರಿಂದ ಚಿಕ್ಕ ಮಕ್ಕಳು ದೊಡ್ಡವರ ಜೊತೆಯಲ್ಲೇ ಆಡಲಿ.

ಹಂತ 6: ಮೊದಲ ಗಂಟೆ

ಆಟ ತೆರೆದಾಗ ಏಟ್ರಸ್‌ನ ದನಿ ಕೇಳಿಸುತ್ತದೆ. ಆ ದನಿ ರ‍್ಯಾಂಡ್ ಮಿಲ್ಲರ್ ಅವರದೇ. ಕೆವೀರ್‌ನಲ್ಲಿ ನೀವು ಮುಖ್ಯ ಫಲಕವನ್ನು ಕಾಣುತ್ತೀರಿ, ಆದರೆ ಅದು ಬಂಧನದಲ್ಲಿದೆ. ಅಲ್ಲಿ ಯೀಶಾ, ಮುಂದೆ ಎಷರ್ ಎದುರಾಗುತ್ತಾರೆ. ಎಷರ್ ಡನಿ ಜನಾಂಗದ ಅಳಿದುಳಿದವನು. ಯೀಶಾಳನ್ನು ನಂಬಬೇಡವೆನ್ನುವುದು ಅವನ ಮಾತು. ಯಾರ ಮಾತಿಗೂ ಕೂಡಲೇ ಒಪ್ಪಿಬಿಡದೆ ಇಬ್ಬರದನ್ನೂ ಪುಸ್ತಕದಲ್ಲಿ ಎದುರುಬದುರಾಗಿ ಬರೆದಿಡಿ. ನಟರ ಮುಖವನ್ನು ವಿಡಿಯೊದಲ್ಲಿ ಹಿಡಿದು ಪಾತ್ರಗಳ ಆಕೃತಿಗೆ ಹೊದಿಸಿರುವುದರಿಂದ ಅವರ ಕಣ್ಣು, ಹುಬ್ಬಿನ ಚಲನೆಯೂ ಗಮನಿಸಬೇಕಾದ ಸುಳಿವೇ.

ನೆಲದಾಳಕ್ಕೆ ಇಳಿಯುವ ಮಹಾಕೂಪದ ದಾರಿಯನ್ನು ಅವಸರದಲ್ಲಿ ದಾಟಬೇಡಿ. ಆಟದ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಕಲಿಸುವ ಜಾಗ ಅದು. ಅದರಾಚೆಗಿನ ಡಿರೇಬೊ ಎಂಬ ಲೋಕ ಒಂದು ನಿಲ್ದಾಣ. ಅಲ್ಲಿಂದಲೇ ನಾಲ್ಕು ಲೋಕಗಳಿಗೆ ದಾರಿ.

ಹಂತ 7: ಸ್ಲೇಟು, ಗುರುತು ಮತ್ತು ಬಾರೊ

ಈ ಹಂತವನ್ನು ಎರಡು ಸಲ ಓದಿ. ಆಟದ ಜೀವಾಳ ಇಲ್ಲಿದೆ, ಜನ ಆಟವನ್ನು ಕೈಬಿಡುವುದೂ ಇಲ್ಲಿಯೇ.

ಮೊದಲು ಎರಡು ವಸ್ತುಗಳನ್ನು ಬೇರ್ಪಡಿಸಿಕೊಳ್ಳಿ. ಕೆವೀರ್‌ನಲ್ಲಿ ಬಂಧನದಲ್ಲಿರುವುದು ಫಲಕ. ಅದು ಒಂದೇ ಒಂದು, ಕೊನೆಯಲ್ಲಷ್ಟೇ ಕೈಗೆ ಬರುತ್ತದೆ. ನಾಲ್ಕು ಲೋಕಗಳಲ್ಲಿ ಒಂದೊಂದರಂತೆ ಸಿಗುವುದು ಸ್ಲೇಟು. ಅದನ್ನು ಎತ್ತಿಕೊಂಡು ಓಡಾಡಬಹುದು, ಅದರ ಮೇಲೆ ಬರೆಯಬಹುದು, ನೆಲಕ್ಕಿಳಿಸಬಹುದು. ಸ್ಲೇಟನ್ನು ಇಳಿಸಿದಾಗ ಬಾರೊ ಬಂದು ಅದನ್ನು ನೋಡುತ್ತದೆ. ಬರೆದ ಗುರುತು ಅದಕ್ಕೆ ತಿಳಿದರೆ ಆಜ್ಞೆ ನಡೆಯುತ್ತದೆ. ತಿಳಿಯದಿದ್ದರೆ ಏನೂ ಫಲಿಸುವುದಿಲ್ಲ, ನೀವು ಮತ್ತೆ ಹೋಗಿ ಸ್ಲೇಟನ್ನು ಎತ್ತಿಕೊಳ್ಳಬೇಕು.

ಗುರುತುಗಳಲ್ಲಿ ಎರಡು ಬಗೆ. ಒಂದು ಬಗೆಯವು ಜಾಗದ ಗುರುತುಗಳು: ಲೋಕದೊಳಗಿನ ನಿರ್ದಿಷ್ಟ ಪೀಠವೊಂದರ ಗುರುತನ್ನು ಬರೆದರೆ ಅಲ್ಲಿಗೆ ಸಾಗಿಸಲ್ಪಡುತ್ತೀರಿ. ಇನ್ನೊಂದು ಬಗೆಯವು ಕಾರ್ಯದ ಗುರುತುಗಳು: ಇವು ಆ ಲೋಕದ ಹವೆಯನ್ನೋ ಕಾಲದ ಗತಿಯನ್ನೋ ಬದಲಿಸುತ್ತವೆ. ಹೊಸ ಗುರುತು ಸಿಕ್ಕಿದಾಗಲೆಲ್ಲ ಇದು ‘ಎಲ್ಲಿಗೆ’ ಎಂಬುದೋ ‘ಏನನ್ನು’ ಎಂಬುದೋ ಎಂದು ಪುಸ್ತಕದಲ್ಲಿ ಬರೆದಿಡಿ; ಅರ್ಧ ಒಗಟು ಅಲ್ಲೇ ಬಿಡಿಸಿಕೊಳ್ಳುತ್ತದೆ.

ಗುರುತು ಬರೆಯುವ ಕೌಶಲಕ್ಕೆ ಬರೋಣ. ಬಾರೊಗೆ ಬೇಕಾದದ್ದು ಅಂದವಲ್ಲ, ಆಕಾರದ ಸಂಬಂಧಗಳು: ಯಾವ ಗೆರೆ ಯಾವುದನ್ನು ಎಲ್ಲಿ ಮುಟ್ಟುತ್ತದೆ, ಬಾಗು ಯಾವ ಕಡೆಗಿದೆ, ಭಾಗಗಳ ಅಳತೆ ಒಂದಕ್ಕೊಂದು ಎಷ್ಟು ಎಂಬುದು. ಮಲಯಾಳಂ ಓದಲು ಬಾರದ ನಮ್ಮ ಊರಿನ ಹಿರಿಯರು ಬಸ್ಸಿನ ಹಲಗೆಯ ಮೇಲಿನ ಅಕ್ಷರಗಳ ಒಟ್ಟು ಆಕಾರವನ್ನು ನೆನಪಿಟ್ಟುಕೊಂಡು ತಮ್ಮ ಬಸ್ಸನ್ನು ದೂರದಿಂದಲೇ ಗುರುತಿಸುವಂತೆ, ಇಲ್ಲಿಯೂ ಗುರುತನ್ನು ಇಡಿಯಾಗಿ ಕಣ್ಣಿಗೆ ತಂದುಕೊಂಡು ಬರೆಯಬೇಕು. ಸ್ಲೇಟಿನ ಬಹುಪಾಲು ಜಾಗವನ್ನು ತುಂಬುವಂತೆ ದೊಡ್ಡದಾಗಿ ಬರೆಯಿರಿ. ನಿಧಾನವಾಗಿ, ಆದರೆ ಗೆರೆಯ ನಡುವೆ ಕೈ ತಡೆಯದಂತೆ ಎಳೆಯಿರಿ. ತಪ್ಪಿದ ಗೆರೆಯ ಮೇಲೆ ಮತ್ತೊಂದು ಗೆರೆ ಎಳೆದು ತಿದ್ದಲು ಹೋಗದೆ ಅಳಿಸಿ ಮೊದಲಿನಿಂದ ಬರೆಯಿರಿ.

ಆಟ ಬಿಡುಗಡೆಯಾದಾಗಲೂ ವಿಮರ್ಶಕರು ಹೇಳಿದ ಕೊರತೆ ಇದೇ: ಸರಿಯಾಗಿ ಬರೆದರೂ ಕೆಲವೊಮ್ಮೆ ಗುರುತು ಸ್ವೀಕಾರವಾಗುವುದಿಲ್ಲ. ಆದ್ದರಿಂದ ಒಂದೇ ಸಲ ವಿಫಲವಾಯಿತೆಂದು ನಿಮ್ಮ ತರ್ಕವನ್ನು ಬದಿಗೊತ್ತಬೇಡಿ. ತರ್ಕ ಗಟ್ಟಿಯಾಗಿದ್ದರೆ ಅದೇ ಗುರುತನ್ನು ಇನ್ನೆರಡು ಸಲ, ಅಳತೆಯನ್ನು ಸ್ವಲ್ಪ ಬದಲಿಸಿ, ಬರೆದು ನೋಡಿ. ಆಗಲೂ ಆಗದಿದ್ದರೆ ಮಾತ್ರ ಬೇರೆ ಗುರುತನ್ನು ಯೋಚಿಸಿ.

ಮತ್ತೊಂದು ನಿಯಮ ಬಹಳ ಮುಖ್ಯ. ಸ್ಲೇಟು ಕೈಯಲ್ಲಿರುವಾಗ ಏಣಿ ಹತ್ತುವಂಥ ಕೆಲಸಗಳು ಆಗುವುದಿಲ್ಲ. ಆರಂಭದಲ್ಲಿ ಇದು ಕಿರಿಕಿರಿಯೆನಿಸುತ್ತದೆ, ಆದರೆ ಒಗಟುಗಳ ಅಡಿಪಾಯವೇ ಇದು. ಪ್ರತಿ ಲೋಕದಲ್ಲೂ ನಿಜವಾದ ಪ್ರಶ್ನೆ ‘ನಾನು ಅಲ್ಲಿಗೆ ಹೇಗೆ ಹೋಗಲಿ’ ಎಂಬುದಲ್ಲ, ‘ಸ್ಲೇಟನ್ನು ಅಲ್ಲಿಗೆ ಹೇಗೆ ತಲುಪಿಸಲಿ’ ಎಂಬುದು. ಪ್ರಶ್ನೆಯನ್ನು ಹೀಗೆ ತಿರುಗಿಸಿಕೊಂಡವರಿಗೆ ದಾರಿ ಬೇಗ ಕಾಣುತ್ತದೆ.

ಹಂತ 8: ನಾಲ್ಕು ಲೋಕಗಳು

ಲೋಕಗಳ ಕ್ರಮ ಕಡ್ಡಾಯವಲ್ಲ. ಒಂದರಲ್ಲಿ ತಡೆಯಾದರೆ ಡಿರೇಬೊಗೆ ಮರಳಿ ಇನ್ನೊಂದಕ್ಕೆ ಹೋಗಬಹುದು. ತಹ್‌ಗಿರಾ ಹಿಮ ಮುಚ್ಚಿದ, ಹಿಂದೆ ಸೆರೆಮನೆಯಾಗಿದ್ದ ಲೋಕ. ಟೊಡೆಲ್ಮರ್ ಆಕಾಶವೀಕ್ಷಣೆಯ ಲೋಕ. ಎತ್ತರದ ಬಂಡೆಗಂಬಗಳ ಮೇಲಿನ ದೂರದರ್ಶಕಗಳಲ್ಲಿ ಕಣ್ಣಿಟ್ಟು ನೋಡುವ ತಾಳ್ಮೆ ಇಲ್ಲಿ ಬೇಕು. ನೊಲೊಬೆನ್ ಕಡಲತೀರದ, ಹುಲ್ಲುಗಾವಲಿನ, ಗುಹೆಗಳ ಚೆಲುವಾದ ದ್ವೀಪ. ಆ ಚೆಲುವಿನ ನಡುವೆ ಎಷರ್‌ನ ಪ್ರಯೋಗಾಲಯವಿದೆ. ಲಕಿಯಾನ್‌ನಲ್ಲಿ ಜನ ಸೇರಿ ಕಾಳಗ ನೋಡುತ್ತಿದ್ದ ಕಣವೊಂದು ಈಗ ಬರಿದಾಗಿ ನಿಂತಿದೆ.

ನೊಲೊಬೆನ್‌ನ ಪ್ರಯೋಗಾಲಯವನ್ನು ಒಗಟಿಗೆ ಬೇಕಾದಷ್ಟೇ ನೋಡಿ ಹೊರಡಬೇಡಿ. ಅಲ್ಲಿರುವ ಪ್ರತಿ ವಸ್ತುವನ್ನೂ ಹತ್ತಿರದಿಂದ ನೋಡಿ. ಬಾರೊಗಳಿಗೆ ಅಲ್ಲಿ ಏನು ಮಾಡಲಾಗಿತ್ತು ಎಂಬುದು ತಿಳಿದಾಗ ಎಷರ್‌ನ ಸವಿಮಾತುಗಳ ತೂಕ ನಿಮಗೇ ಗೊತ್ತಾಗುತ್ತದೆ. ಇಡೀ ಆಟದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಜಾಗ ಅದು. ನೊಲೊಬೆನ್ ಅನ್ನು ಕೊನೆಗಿಟ್ಟುಕೊಳ್ಳುವುದಕ್ಕಿಂತ ನಡುವೆ ನೋಡುವುದು ಒಳಿತು. ಉಳಿದ ಲೋಕಗಳಲ್ಲಿ ಎಷರ್ ಎದುರಾದಾಗ ನೀವು ಬೇರೆ ಕಣ್ಣಿನಿಂದ ಅವನನ್ನು ನೋಡುತ್ತೀರಿ.

ಒಂದೊಂದು ಲೋಕ ಮುಗಿದಂತೆ ಕೆವೀರ್‌ನ ಫಲಕದ ಬಂಧನ ಸಡಿಲಗೊಳ್ಳುತ್ತ ಹೋಗುತ್ತದೆ.

ಹಂತ 9: ದಾರಿ ಕಾಣದಾದಾಗ

ಮೊದಲು ಸೇವ್ ಮಾಡಿ, ಅಂದರೆ ಆಟದ ಸ್ಥಿತಿಯನ್ನು ಉಳಿಸಿಡಿ. ಗುಡುಗಿನ ಸದ್ದು ಕೇಳಿದರೆ ಕರೆಂಟು ಹೋಗುವ ಊರುಗಳಲ್ಲಿರುವ ನಾವು ಪ್ರತಿ ಹೊಸ ಗುರುತು ಸಿಕ್ಕಿದಾಗಲೂ, ಲೋಕ ಬದಲಿಸುವ ಮೊದಲೂ ಸೇವ್ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಒಂದೇ ಹೆಸರಿನ ಮೇಲೆ ಮತ್ತೆ ಮತ್ತೆ ಉಳಿಸದೆ ಹೊಸ ಹೆಸರಿನಲ್ಲಿ ಉಳಿಸಿ. ಸಿಡಿಲಿನ ಸಮಯದಲ್ಲಿ ಚಾರ್ಜರಿನ ಪ್ಲಗ್ ಕಿತ್ತು ಬ್ಯಾಟರಿಯಲ್ಲೇ ಆಡಿ.

ಅನಂತರ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ನಾನು ಬಿಡಿಸಿಕೊಂಡ ಗುರುತುಗಳಲ್ಲಿ ಇನ್ನೂ ಬಳಸದೇ ಇರುವುದು ಯಾವುದು? ಚಲಿಸುವ ಯಂತ್ರವೊಂದನ್ನು ಒಂದೇ ಸ್ಥಿತಿಯಲ್ಲಿ ನೋಡಿ ಬಿಟ್ಟಿದ್ದೇನೆಯೇ? ಬಾಗಿಲನ್ನು ದಾಟಿದ ಮೇಲೆ ಹಿಂದಿರುಗಿ ಅದರ ಹಿಂಬದಿಯನ್ನು ನೋಡಿದ್ದೇನೆಯೇ? ಕಾರ್ಯದ ಗುರುತನ್ನು ಬಳಸಿದ ಬಳಿಕ ಲೋಕದಲ್ಲಿ ಏನು ಬದಲಾಯಿತೆಂದು ಪೂರ್ತಿ ಸುತ್ತಿ ನೋಡಿದ್ದೇನೆಯೇ? ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಎಡವಿರುವುದು ಈ ಕೊನೆಯ ಪ್ರಶ್ನೆಯಲ್ಲಿ. ಬದಲಾವಣೆ ನೀವು ನಿಂತ ಜಾಗದಲ್ಲೇ ಆಗಬೇಕೆಂದಿಲ್ಲ, ಅದು ಕೆಲಹೊತ್ತು ಮಾತ್ರ ಇರಬಹುದು.

ಇಷ್ಟಾದರೂ ದಾರಿ ಸಿಗದಿದ್ದರೆ ಆಟವನ್ನು ಮುಚ್ಚಿ ಮರುದಿನ ತೆರೆಯಿರಿ. ಅಂತರಜಾಲದಲ್ಲಿ ಪೂರ್ಣ ಉತ್ತರದ ವಿಡಿಯೊಗಳಿವೆ, ಒಮ್ಮೆ ನೋಡತೊಡಗಿದರೆ ಬೇಕಾದಷ್ಟಕ್ಕೇ ನಿಲ್ಲಿಸುವುದು ಕಷ್ಟ. ಸಹಾಯ ಬೇಕೇ ಬೇಕೆಂದಾದರೆ ಆಡಿ ಮುಗಿಸಿದ ಯಾರನ್ನಾದರೂ ‘ನಾನು ನೋಡದ ಜಾಗ ಯಾವುದು’ ಎಂದಷ್ಟೇ ಕೇಳಿ.

ಹಂತ 10: ಫಲಕದ ನಿರ್ಧಾರ (ಇಲ್ಲಿ ಕತೆಯ ಕೊನೆ ತಿಳಿಯುತ್ತದೆ)

ನಾಲ್ಕು ಲೋಕಗಳೂ ಮುಗಿದ ಮೇಲೆ ಕೆವೀರ್‌ಗೆ ಮರಳುವ ಮುನ್ನ ಹೊಸ ಹೆಸರಿನಲ್ಲಿ ಸೇವ್ ಮಾಡಿ, ಆ ಉಳಿಕೆಯನ್ನು ಅಳಿಸದೆ ಕಾಪಾಡಿ. ಆಟಕ್ಕೆ ಒಂದಕ್ಕಿಂತ ಹೆಚ್ಚು ಮುಕ್ತಾಯಗಳಿವೆ. ಎಲ್ಲವನ್ನೂ ನೋಡಲು ಅದೊಂದೇ ಸಾಕು. ನೀವೇ ನಿರ್ಧರಿಸಬೇಕೆಂದಿದ್ದರೆ ಮುಂದಿನ ಎರಡು ಪ್ಯಾರಾಗಳನ್ನು ಬಿಟ್ಟು ಕೊನೆಯದಕ್ಕೆ ಹೋಗಿ.

ಫಲಕ ಕೈಗೆ ಬಂದಾಗ ಅದನ್ನು ಎಷರ್ ಬೇಡುತ್ತಾನೆ. ಅವನಿಗೆ ಕೊಟ್ಟರೆ ಕೆಡುಕೇ ಆಗುತ್ತದೆ. ಯೀಶಾಳಿಗೆ ಕೊಡುವುದು ಸಹಜವಾಗಿ ತೋರುತ್ತದೆ. ಅವಳು ಏಟ್ರಸ್‌ನ ಮಗಳು, ಬಾರೊಗಳ ನೋವನ್ನು ಬಲ್ಲವಳು. ಆದರೆ ಅದೂ ಸರಿಯಾದ ಮುಕ್ತಾಯವಲ್ಲ, ಅವಳ ಕೈಯಲ್ಲಿದ್ದರೂ ಅದು ಬಾರೊಗಳನ್ನು ಆಳುವ ಫಲಕವೇ. ಸರಿಯಾದದ್ದು, ಯಾರ ಕೈಗೂ ಕೊಡದೆ ಫಲಕವನ್ನು ನೆಲಕ್ಕಿಳಿಸಿ ಬಾರೊಗಳಿಗೇ ಒಪ್ಪಿಸುವುದು.

ಇದು ಎಲ್ಲಿಂದಲೋ ಬಂ‌ದ ಉತ್ತರವಲ್ಲ. ಆಟದುದ್ದಕ್ಕೂ ನೀವು ಮಾಡಿದ್ದು ಇದೇ ಕ್ರಿಯೆ: ಬರೆದಿರಿ, ಇಳಿಸಿದಿರಿ, ಬಾರೊ ಬಂದು ಎತ್ತಿಕೊಂಡಿತು. ಪ್ರತಿ ಸಲವೂ ಆ ಸ್ಲೇಟಿನ ಮೇಲೆ ನಿಮ್ಮ ಆಜ್ಞೆಯಿತ್ತು. ಗುಲಾಮಗಿರಿಯನ್ನು ಖಂಡಿಸುವ ಕತೆಯೊಳಗೆ ಅದೇ ಗುಲಾಮಗಿರಿಯನ್ನು ಬಳಸಿಕೊಂಡೇ ನೀವು ಮುಂದೆ ಸಾಗಿದ್ದಿರಿ. ಕೊನೆಯ ಸಲ ಆಜ್ಞೆಯಿಲ್ಲದೆ ಇಳಿಸಬೇಕು. ಒಗಟಿನ ಸರಣಿಯೊಂದು ತನ್ನ ಅಂತಿಮ ಒಗಟನ್ನು ಯಂತ್ರದಲ್ಲಾಗಲಿ ಸಂಖ್ಯೆಯಲ್ಲಾಗಲಿ ಇಡದೆ ಇಂಥ ಒಂದು ನಿರ್ಧಾರದಲ್ಲಿ ಇಟ್ಟಿರುವುದಕ್ಕಾಗಿಯೇ, ಉತ್ತರ ಕದಿಯದೆ ಆಡಿ ಎಂದು ನಾನು ಪ್ರತಿ ಓದುಗರಿಗೂ ಒತ್ತಿ ಹೇಳುತ್ತಿರುವುದು.

ಮುಗಿಸಿದ ಮೇಲೆ ಉಳಿಸಿಟ್ಟ ಸ್ಥಿತಿಯಿಂದ ಇತರ ಮುಕ್ತಾಯಗಳನ್ನೂ ನೋಡಿ. ಯೀಶಾಳ ಬರಹಗಳನ್ನು ಆಗ ಮತ್ತೊಮ್ಮೆ ಓದಿದರೆ ಮೊದಲು ತಿಳಿಯದ ಸಾಲುಗಳು ತಿಳಿಯುತ್ತವೆ. ಬಾರೊಗಳ ಹಿಂದಿನ ಕತೆ ಬೇಕೆನಿಸಿದವರಿಗೆ ‘ಮಿಸ್ಟ್ ಆನ್‌ಲೈನ್: ಉರು ಲೈವ್’ 2010ರಿಂದ ಉಚಿತವಾಗಿ ತೆರೆದಿದೆ. ಅದಕ್ಕೆ ಅಂತರಜಾಲ ಸಂಪರ್ಕ ಸದಾ ಬೇಕಾಗುವುದರಿಂದ ಮೊಬೈಲ್ ಡೇಟಾ ನಂಬಿದವರು ನೆಟ್‌ವರ್ಕ್ ಗಟ್ಟಿಯಾಗಿ ಸಿಗುವ ಹೊತ್ತನ್ನು ನೋಡಿಕೊಂಡು ಆರಂಭಿಸಬೇಕು.